ನಾನು ‘ಹೂಂ’ ಅಂದದ್ದು

ಇಂಥ ವಿಷಯಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಂಬುವವರನ್ನು ಕಂಡರೂ ರೇಗುತ್ತಿತ್ತು. ಮೂವತ್ತನಾಲ್ಕು ವರ್ಷ ರಾಜಾಜಿನಗರದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಪ್ರೂಫ್ ರೀಡರ್ ಅಂದರೆ ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ವಿಶೇಷಾಂಕಗಳಿಗೆ ಬರುವ ದೆವ್ವದ ಕಥೆಗಳು, ಸತ್ತವರು ಬಂದು ಬಾಗಿಲು ತಟ್ಟಿದ ಅನುಭವಗಳು, ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಅವುಗಳ ಒತ್ತು, ದೀರ್ಘ ಸರಿಮಾಡುತ್ತಾ, “ಇವರಿಗೆ ಬರೆಯೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ” ಎಂದು ಪಕ್ಕದ ಮೇಜಿನವರ ಹತ್ತಿರ ನಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಜಗಳ ಆಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ಇಂಥವು ನಡುರಾತ್ರಿ ನಡೆಯುವುದೇ ರೂಢಿ. ಕರೆಂಟ್ ಹೋಗಿರಬೇಕು, ಎಲ್ಲೋ ನಾಯಿ ಊಳಿಡಬೇಕು. ನನಗಾದದ್ದು ಸಂಜೆ ನಾಲ್ಕೂವರೆಗೆ, ಆಸ್ಪತ್ರೆಯಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ನಾನು ಆಗಷ್ಟೇ ಕಾಫಿ ಕುಡಿದು ಬಂದಿದ್ದೆ, ತೂಕಡಿಸುತ್ತಲೂ ಇರಲಿಲ್ಲ. ಆಗಿ ಎರಡು ವರ್ಷ ದಾಟಿತು.

ನನ್ನ ಹೆಂಡತಿ ಗಿರಿಜ ವಿಜಯನಗರದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಹೇರೋಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಕುಸಿದುಬಿದ್ದಳು. ಹೃದಯ ನಿಂತುಹೋಗಿತ್ತು. ನಾನು ಕೆಳಗೆ ಪೇಪರ್ ಓದುತ್ತಿದ್ದೆ. ಮೇಲೆ ಬಕೆಟ್ ಉರುಳಿದ ಸದ್ದು ಕೇಳಿಸಿತು, ಬೆಕ್ಕಿರಬೇಕು ಅಂದುಕೊಂಡೆ. ಎಷ್ಟು ಹೊತ್ತಿನ ಮೇಲೆ ಹತ್ತಿ ನೋಡಿದಿರಿ ಎಂದು ಆಮೇಲೆ ಡಾಕ್ಟರು ಮೂರು ಸಲ ಕೇಳಿದರು. ಐದು ನಿಮಿಷ ಇರಬಹುದು ಅಂದೆ. ಹತ್ತೂ ಇರಬಹುದು. ನಮ್ಮ ರಸ್ತೆ ಅಗೆದುಹಾಕಿದ್ದರಿಂದ ಆಂಬುಲೆನ್ಸ್ ಒಳಗೆ ಬರಲಿಲ್ಲ. ಅಕ್ಕಪಕ್ಕದವರು ಅವಳನ್ನು ಬೆಡ್‌ಶೀಟಿನಲ್ಲಿ ಮಲಗಿಸಿಕೊಂಡು ಮೇನ್ ರೋಡಿನವರೆಗೆ ಹೊತ್ತು ತಂದರು.

ಬಸವೇಶ್ವರನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳ ಹೃದಯವನ್ನು ಮತ್ತೆ ನಡೆಸಿದರು. ಆದರೆ ಮೆದುಳು ಹಾಳಾಗಿಹೋಗಿತ್ತು. ನೋಡುವುದು, ತಿಳಿಯುವುದು, ಗುರುತು ಹಿಡಿಯುವುದು, ಇವೆಲ್ಲ ಮೆದುಳಿನ ಮೇಲ್ಭಾಗದ ಕೆಲಸವಂತೆ. ರಕ್ತ ಹೋಗದೆ ನಿಂತ ನಿಮಿಷಗಳಲ್ಲಿ ಅದಷ್ಟೂ ಸತ್ತಿದೆ ಎಂದು ನರರೋಗದ ಡಾಕ್ಟರು ಹೇಳಿದರು. ಕೆಳಗಿನ ಒಂದು ಚೂರು ಮಾತ್ರ ಅರೆಬರೆ ನಡೆಯುತ್ತಿತ್ತು. ಅವಳ ಸ್ವಂತ ಉಸಿರು ಸಾಲುತ್ತಿರಲಿಲ್ಲವಾದ್ದರಿಂದ ಗಂಟಲಿನಲ್ಲಿ ತೂತು ಮಾಡಿ, ಕೊಳವೆ ಇಟ್ಟು, ವೆಂಟಿಲೇಟರಿಗೆ ಜೋಡಿಸಿದ್ದರು. ಮೂಗಿನಲ್ಲಿ ಇನ್ನೊಂದು ಕೊಳವೆ. ಅದರಲ್ಲಿ ಊಟ ಹೋಗುತ್ತಿತ್ತು.

ಈ ಸ್ಥಿತಿಯನ್ನು ನೋಡದವರಿಗೆ ವಿವರಿಸುವುದು ಕಷ್ಟ. ಕಣ್ಣು ಮುಚ್ಚಿ ಮಲಗಿದ್ದರೆ ಅದೊಂದು ಬಗೆ. ಗಿರಿಜ ಬೆಳಿಗ್ಗೆ ಕಣ್ಣು ಬಿಡುತ್ತಿದ್ದಳು, ರಾತ್ರಿ ಮುಚ್ಚುತ್ತಿದ್ದಳು. ಆಕಳಿಸುತ್ತಿದ್ದಳು. ಚಿತ್ರದುರ್ಗದಿಂದ ಅವಳ ಅಕ್ಕ ನೀಲಕ್ಕ ಬಂದು ಹಣೆಗೆ ವಿಭೂತಿ ಹಚ್ಚಿದಾಗ ಕಣ್ಣಿನ ಕೊನೆಯಿಂದ ನೀರು ಇಳಿಯಿತು. “ಅಳ್ತಾ ಅವ್ಳೆ ನೋಡ್ರೀ, ನನ್ನ ಗುರ್ತು ಹಿಡಿದ್ಳು” ಎಂದು ನೀಲಕ್ಕ ಗೋಳೋ ಎಂದು ಅತ್ತಳು. ಕಣ್ಣು ಒಣಗದಿರಲೆಂದು ಸಿಸ್ಟರು ಹತ್ತು ನಿಮಿಷದ ಹಿಂದೆ ಬಿಟ್ಟ ಡ್ರಾಪ್ಸ್ ಅದು. ನಾನು ಹಾಗೆಂದು ಹೇಳಿಯೂಬಿಟ್ಟೆ. ನೀಲಕ್ಕ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದಳು. ಹೇಳದೆ ಸುಮ್ಮನಿದ್ದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ನಮಗೆ ಒಬ್ಬಳೇ ಮಗಳು, ರಶ್ಮಿ. ಚಂದ್ರಾ ಲೇಔಟಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಮೊದಲ ಎರಡು ತಿಂಗಳು ದಿನವೂ ಒಂದು ಪುಟ್ಟ ಟಾರ್ಚ್ ಹಿಡಿದು ತಾಯಿಯ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಳು. “ಅಪ್ಪಾ, ಫಾಲೋ ಮಾಡ್ತಿದಾಳೆ! ಬೇಗ ಬಾ!” ಎಂದು ಕೂಗುವಳು. ನಾನು ಎದ್ದು ಹೋಗಿ ನೋಡುವಷ್ಟರಲ್ಲಿ ಏನೂ ಇರುತ್ತಿರಲಿಲ್ಲ. ಮೂರನೇ ತಿಂಗಳು ಟಾರ್ಚ್ ತರುವುದನ್ನು ನಿಲ್ಲಿಸಿದಳು.

ಈಗ ನಾಚಿಕೆಯ ಮಾತೊಂದನ್ನು ಹೇಳಬೇಕು. ನಾಲ್ಕನೇ ತಿಂಗಳ ಹೊತ್ತಿಗೆ ನನಗೆ ದುಃಖ ಮುಗಿದುಹೋಗಿತ್ತು. ಉಳಿದದ್ದು ಸುಸ್ತು. ಬೆಳಿಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಗಿರಿಜ ಅಲ್ಲ, ಎರಡು ಬಸ್ಸು ಬದಲಾಯಿಸಬೇಕಲ್ಲ ಅನ್ನುವುದು. ಮಂಚದ ಪಕ್ಕ ಕೂತು ಅವಳ ಕೈ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದೆ. ಇವಳಿಗೆ ಬಿಡುಗಡೆ ಸಿಗಲಿ ಎಂದು ಮನಸ್ಸು ಹೇಳುವಾಗೆಲ್ಲ, ಅದು ಕೇಳುತ್ತಿರುವುದು ಇವಳ ಬಿಡುಗಡೆಯನ್ನೋ ನನ್ನದನ್ನೋ ಎಂಬ ಅನುಮಾನ ಬರುತ್ತಿತ್ತು. ಬಂದ ಅನುಮಾನ ಹೋಗುತ್ತಿರಲಿಲ್ಲ. ಪ್ರೀತಿ ಇರಲಿಲ್ಲವೇ ಅಂದರೆ ಇತ್ತು. ಬರೀ ಉಸಿರಾಡುವ ಮುಖವನ್ನು ನಾಲ್ಕು ತಿಂಗಳು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ.

ಒಂದು ದಿನ ಡಾಕ್ಟರೇ ನನ್ನನ್ನೂ ರಶ್ಮಿಯನ್ನೂ ಕೂರಿಸಿಕೊಂಡು ಮಾತಾಡಿದರು. ಆಸ್ಪತ್ರೆಯ ಡಾಕ್ಟರುಗಳ ಒಂದು ತಂಡ ನೋಡಬೇಕು, ಇನ್ನೊಂದು ತಂಡವೂ ಬೇರೆಯಾಗಿ ನೋಡಬೇಕು, ಎರಡೂ ಕಡೆಯವರು ಸುಧಾರಿಸುವ ದಾರಿಯಿಲ್ಲ ಎಂದರೆ, ಮನೆಯವರು ಒಪ್ಪಿದರೆ, ಯಂತ್ರ ತೆಗೆಯಲು ಈಗ ಕಾನೂನಿನಲ್ಲಿ ಅವಕಾಶ ಇದೆ ಎಂದರು. “ಇದು ಸಾಯ್ಸೋದಲ್ಲ ಸಾರ್. ಅವರು ಹೊರಟು ಐದು ತಿಂಗಳಾಗ್ತಾ ಬಂತು. ನಾವು ಹಿಡ್ಕೊಂಡಿದೀವಿ. ಹಿಡ್ಕೊಂಡಿರೋದನ್ನ ಬಿಡೋದು, ಅಷ್ಟೇ.” ಒಳ್ಳೆಯ ಮನುಷ್ಯ. ಆದರೆ ‘ಅಷ್ಟೇ’ ಅನ್ನುವ ಆ ಮಾತು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ರಶ್ಮಿ ಮೂರು ವಾರ ಆ ವಿಷಯ ಎತ್ತಲಿಲ್ಲ. ಆಮೇಲೊಂದು ಸಂಜೆ ದರ್ಶಿನಿಯಲ್ಲಿ ದೋಸೆ ಮುಂದಿಟ್ಟುಕೊಂಡು, ತಿನ್ನದೆ, “ಸಾಕು ಅಪ್ಪಾ” ಅಂದಳು. “ಅಮ್ಮಂಗೆ ನಾನು ತಲೆ ಬಾಚ್ತೀನಿ ಅಂದ್ರೂ ಆಗ್ತಿರ್ಲಿಲ್ಲ. ನನ್ನ ತಲೆ ನಂಗೆ ಬಾಚ್ಕೊಳ್ಳೋಕೆ ಬರುತ್ತೆ ಕಣೇ ಅಂತ ರೇಗ್ತಿದ್ಳು. ಈಗ ಯಾರ್ಯಾರೋ ಮೈ ತೊಳೀತಾರೆ, ಮಗ್ಗುಲು ತಿರುಗಿಸ್ತಾರೆ. ಅವಳಿಗೆ ಗೊತ್ತಿದ್ದಿದ್ರೆ ನಮ್ಮಿಬ್ರನ್ನೂ ಸುಮ್ನೆ ಬಿಡ್ತಿದ್ಳಾ?” ನಾನು ತಲೆಯಾಡಿಸಿದೆ. ಇಬ್ಬರೂ ಒಪ್ಪಿದೆವು. ಒಪ್ಪಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ಎರಡೂ ತಂಡದವರು ನೋಡಿ ಬರೆದುಕೊಟ್ಟರು. ಮನೆಯವರ ಒಪ್ಪಿಗೆ ಪತ್ರವೊಂದು ಬಾಕಿ ಇತ್ತು. ನಾಲ್ಕು ಪುಟದ್ದು, ಇಂಗ್ಲಿಷಿನದನ್ನು ಯಾರೋ ಕನ್ನಡಕ್ಕೆ ತಂದದ್ದು. ನಿಧಾನವಾಗಿ ಓದಿ ನಾಳೆ ಸಹಿ ಮಾಡಿ ಕೊಡಿ ಎಂದು ನನ್ನ ಕೈಗೆ ಕೊಟ್ಟಿದ್ದರು. ಗಿರಿಜಳ ಮಂಚದ ಪಕ್ಕದ ಸ್ಟೂಲಿನ ಮೇಲೆ, ಅವಳಿಗೆ ಅರ್ಧ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ಓದುತ್ತಾ ಕೂತೆ. ರಶ್ಮಿ ಪರದೆಯ ಆಚೆ ಕೈತೊಳೆಯುವ ನಲ್ಲಿಯ ಹತ್ತಿರ ಇದ್ದಳು. ಕೈ ತೊಳೆಯದೆ ಒಳಗೆ ಬರುವ ಹಾಗಿರಲಿಲ್ಲ.

ಆ ಕನ್ನಡವೋ, ದೇವರೇ ಕಾಪಾಡಬೇಕು. ಮೂರನೇ ಪುಟದಲ್ಲಿ ‘ರೋಗಿಯ ಹಿತಕ್ಕಾಗಿ’ ಎಂದಿರಬೇಕಾದ ಕಡೆ ‘ರೋಗಿಯ ಹತಕ್ಕಾಗಿ’ ಎಂದು ಅಚ್ಚಾಗಿತ್ತು. ಒಂದು ಗುಡಿಸು ಬಿಟ್ಟುಹೋಗಿತ್ತು, ಬೇರೇನಲ್ಲ. ಕೈ ತನ್ನ ಪಾಡಿಗೆ ಜೇಬಿನಿಂದ ಪೆನ್ನು ತೆಗೆಯಿತು. ಹಕಾರದ ತಲೆಗೆ ಗುಡಿಸು ಹಾಕಿ, ಪುಟದ ಅಂಚಿನಲ್ಲಿ ಗುರುತು ಮಾಡಿ, ಮುಂದಿನ ಸಾಲಿಗೆ ಹೋದೆ. ಕೆಲಸದಲ್ಲಿ ಮುಳುಗಿದಾಗ ನನಗೆ ಸುತ್ತಲಿನದು ಕಾಣುವುದಿಲ್ಲ. ಆಗಲೂ ನಾನು ಆಸ್ಪತ್ರೆಯಲ್ಲಿ ಕೂತಿದ್ದೇನೆ ಎಂಬುದೇ ಮರೆತಿತ್ತು.

“ಬರ್ತೀನ್ರೀ.”

“ಹೂಂ” ಅಂದೆ.

ತಲೆ ಎತ್ತಲಿಲ್ಲ. ಇನ್ನೂ ಎರಡು ಸಾಲು ಓದಿದೆ. ಎರಡನೇ ಸಾಲಿನ ನಡುವೆ ಪೆನ್ನು ನಿಂತಿತು.

ನಾನು ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಊಟದ ಮೇಜಿನ ಮೇಲೆ ಕರಡು ಹರಡಿಕೊಂಡು ಕೂರುತ್ತಿದ್ದೆ. ಗಿರಿಜ ಏಳೂ ಐವತ್ತರ ಬಸ್ಸಿಗೆ ಹೊರಡುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು, ‘ಬರ್ತೀನ್ರೀ’ ಅನ್ನುವಳು. ನಾನು ‘ಹೂಂ’ ಅನ್ನುವೆ. ಇಪ್ಪತ್ತೊಂಬತ್ತು ವರ್ಷ ಹೀಗೆಯೇ ನಡೆಯಿತು. ಆಸ್ಪತ್ರೆಯಲ್ಲಿ ನನಗೆ ಕೇಳಿಸಿದ್ದು ಅದೇ ಧ್ವನಿ, ಅದೇ ಅವಸರ, ಕೊನೆಯ ‘ರೀ’ ಮೇಲೆ ಅದೇ ಸ್ವಲ್ಪ ಎಳೆತ.

ತಿರುಗಿ ನೋಡಿದೆ. ಅವಳು ಹೇಗಿದ್ದಳೋ ಹಾಗೇ ಇದ್ದಳು. ಅರೆತೆರೆದ ಕಣ್ಣು ಸೀಲಿಂಗಿನ ಕಡೆ. ಬಾಯಿ ಸ್ವಲ್ಪ ತೆರೆದಿತ್ತು, ಅದು ಯಾವಾಗಲೂ ಹಾಗೇ ಇರುತ್ತಿತ್ತು. ಯಂತ್ರ ತನ್ನ ಲೆಕ್ಕಕ್ಕೆ ಉಸಿರು ಹಾಕುತ್ತಿತ್ತು. ಆಗ ಪರದೆ ಸರಿಸಿಕೊಂಡು ರಶ್ಮಿ ಒಳಗೆ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯಾರಪ್ಪಾ ಹೊರಟಿದ್ದು?” ಅಂದಳು.

“ಯಾಕೆ, ಏನ್ ಕೇಳಿಸ್ತು?” ಎಂದು ಕಷ್ಟಪಟ್ಟು ಕೇಳಿದೆ.

“ಯಾರೋ ಹೆಂಗಸು ಬರ್ತೀನ್ರೀ ಅಂದ್ರಲ್ಲ. ನೀನು ಹೂಂ ಅಂದೆ. ನೀಲು ದೊಡ್ಡಮ್ಮ ಬಂದಿದ್ರೇನೋ ಅಂದ್ಕೊಂಡೆ.” ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿದಳು. ಆಮೇಲೆ ಮಂಚದ ಕಡೆ ನೋಡಿದಳು. “ಅಯ್ಯೋ ಶಿವನೇ” ಎಂದು ಅಲ್ಲೇ ಮಂಚದ ಕಂಬಿ ಹಿಡಿದುಕೊಂಡಳು.

ನಾನು ಮಾಡಬಹುದಾದ ವಿಚಾರಣೆಯನ್ನೆಲ್ಲ ಆಗಲೇ ಮಾಡಿದೆ. ಪಕ್ಕದ ಮಂಚ ಮೂರು ದಿನದಿಂದ ಖಾಲಿ. ಅದರಾಚೆಯವರು ಒಬ್ಬ ವಯಸ್ಸಾದ ಗಂಡಸು, ನೋಡಲು ಬಂದಿದ್ದವನು ಅವರ ಮಗ ಒಬ್ಬನೇ. ಡ್ಯೂಟಿಯಲ್ಲಿದ್ದ ಸಿಸ್ಟರು ಕೇರಳದವರು, ನನ್ನನ್ನು ‘ಅಂಕಲ್’ ಎಂದು ಕರೆಯುತ್ತಿದ್ದವರು, ಆ ಹೊತ್ತಿಗೆ ಔಷಧಿ ಕೋಣೆಯಲ್ಲಿದ್ದರು. ನೆಲ ಒರೆಸುತ್ತಿದ್ದ ಆಯಾ ನಮ್ಮ ಕಡೆ ಬಂದೇ ಇರಲಿಲ್ಲ. ಟೀವಿ ಇಲ್ಲ. ಮೊಬೈಲು ನನ್ನದು ಜೇಬಿನಲ್ಲಿತ್ತು, ರಶ್ಮಿಯದು ಬ್ಯಾಗಿನಲ್ಲಿ.

ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. ಬಾಯಿಯ ಮೂಲಕ ಗಾಳಿ ಬಂದರೆ ತಾನೇ ಧ್ವನಿ ಬರುವುದು, ಇವರ ಉಸಿರೆಲ್ಲ ಗಂಟಲಿನ ಕೆಳಗಿನ ಕೊಳವೆಯಲ್ಲೇ ಹೋಗಿ ಅಲ್ಲೇ ಬರುತ್ತದೆ, ಧ್ವನಿಪೆಟ್ಟಿಗೆಗೆ ಗಾಳಿ ತಲುಪುವುದೇ ಇಲ್ಲ ಎಂದರು. ಕೊಳವೆಯ ಸುತ್ತ ಒಂದು ಸಣ್ಣ ಬಲೂನು ಇರುತ್ತದಂತೆ, ಅದು ಸೋರಿದರೆ ಅಪರೂಪಕ್ಕೆ ನರಳಿದಂಥ ಸದ್ದು ಬರಬಹುದಂತೆ. ಅದನ್ನೂ ತಾವೇ ಪರೀಕ್ಷಿಸಿದರು. ಸೋರಿರಲಿಲ್ಲ. “ತುಂಬಾ ಆಯಾಸ ಆಗಿದೆ ಸಾರ್ ನಿಮಗೆ” ಅಂದರು. ಇಬ್ಬರಿಗೂ ಒಂದೇ ಆಯಾಸ ಒಂದೇ ಮಾತಿನಲ್ಲಿ ಕೇಳಿಸುತ್ತದೆಯೇ ಎಂದು ರಶ್ಮಿ ಕೇಳಿದಳು.

ಪ್ರೂಫ್ ನೋಡುವವರಿಗೆಲ್ಲ ಒಂದು ವಿಷಯ ಗೊತ್ತು. ಪರಿಚಯದ ಪದದಲ್ಲಿ ಒಂದಕ್ಷರ ಬಿಟ್ಟಿದ್ದರೂ ಕಣ್ಣು ತಾನೇ ತುಂಬಿಕೊಂಡು ಓದಿಬಿಡುತ್ತದೆ. ಕಿವಿಯೂ ಹಾಗೇ ಮಾಡಿರಬಹುದು, ಯಂತ್ರದ ಯಾವುದೋ ಸದ್ದನ್ನು ನಾನು ಹೆಂಡತಿಯ ಮಾತು ಎಂದು ತುಂಬಿಕೊಂಡಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ರಶ್ಮಿ? ಅವಳು ಅದನ್ನು ತಾಯಿಯ ಧ್ವನಿ ಎಂದುಕೊಂಡೇ ಇರಲಿಲ್ಲ. ಯಾರೋ ನೆಂಟರು ಎಂದುಕೊಂಡು ಬಂದವಳು ಅವಳು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಮನೆಗೆ ಬಂದು ಇಬ್ಬರೂ ದೀಪ ಹಾಕದೆ ಕೂತಿದ್ದೆವು. “ನಾಳೆ ಸೈನ್ ಮಾಡ್ಬೇಡ” ಅಂದಳು ರಶ್ಮಿ. “ಬರ್ತೀನಿ ಅಂದಿದಾಳೆ ಅಪ್ಪಾ. ವಾಪಸ್ ಬರ್ತಾ ಇದೀನಿ, ಕಾಯಿರಿ ಅಂತ ಹೇಳಿದಾಳೆ. ಬರ್ತೀನಿ ಅಂದೋರನ್ನ ಬಾಗಿಲು ಹಾಕಿ ಕಳಿಸ್ತೀಯಾ?”

“ಬರ್ತೀನಿ ಅನ್ನೋದು ಹೊರಡೋರು ಕಣಮ್ಮಾ” ಅಂದೆ. “ನಮ್ಮಲ್ಲಿ ಯಾರಾದ್ರೂ ಹೋಗ್ತೀನಿ ಅಂತಾರಾ? ಅವಳು ಒಂದಿನಾನೂ ಅಂದಿಲ್ಲ. ಹೇಳಿ ಹೊರಟಿದಾಳೆ.”

ಒಂದೇ ಪದ. ಹೋಗುವವರು ಆಡುವುದೂ ಅದೇ, ಬರುವವರು ಆಡುವುದೂ ಅದೇ. ಬದುಕೆಲ್ಲ ಪದಗಳ ಜೊತೆ ಕಳೆದವನಿಗೆ ಇದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನಗೆ ಬೇಕಾದ ಅರ್ಥವನ್ನು ನಾನು ಹಿಡಿದುಕೊಂಡೆನೇ? ನನಗೆ ಮುಗಿಯುವುದು ಬೇಕಾಗಿತ್ತು, ಅದಕ್ಕೇ ವಿದಾಯ ಕೇಳಿಸಿತೇ? ಮಗಳಿಗೆ ಅಮ್ಮ ಬೇಕಾಗಿತ್ತು, ಅದಕ್ಕೇ ಅವಳಿಗೆ ಇನ್ನೊಂದು ಕೇಳಿಸಿತೇ? ಆ ರಾತ್ರಿ ನಾವು ಜಗಳವಾಡಲಿಲ್ಲ, ಆದರೆ ಊಟವನ್ನೂ ಮಾಡಲಿಲ್ಲ.

ನಾನು ಸಹಿ ಮಾಡಲಿಲ್ಲ. ಕಾದೆವು. ರಶ್ಮಿ ಮತ್ತೆ ಟಾರ್ಚ್ ತಂದಳು. ಡಾಕ್ಟರು ನಮ್ಮ ಸಮಾಧಾನಕ್ಕೆ ಇನ್ನೊಮ್ಮೆ ಎಲ್ಲ ಪರೀಕ್ಷೆ ಮಾಡಿಸಿದರು, ಬೇರೆ ಕಡೆಯ ಒಬ್ಬರನ್ನೂ ಕರೆಸಿ ತೋರಿಸಿದರು. ಉತ್ತರ ಬದಲಾಗಲಿಲ್ಲ. ನಾನು ದಿನವೂ ಅದೇ ಸ್ಟೂಲಿನ ಮೇಲೆ, ಅದೇ ಕಡೆ ತಿರುಗಿ, ಏನಾದರೂ ಓದುತ್ತಾ ಕೂರುತ್ತಿದ್ದೆ. ಹಾಗೆ ಕೂತರೆ ಮತ್ತೆ ಕೇಳಿಸೀತು ಎಂಬ ಆಸೆ. ಕೇಳಿಸಿದರೆ ಏನು ಮಾಡುವುದು ಎಂಬ ಹೆದರಿಕೆಯೂ ಇತ್ತು. ಕೇಳಿಸಲಿಲ್ಲ. ಹೀಗೆ ಕಾಯುತ್ತಾ ಐದನೇ ವಾರ, ಮಲಗಿ ಮಲಗಿ ಗಿರಿಜಳ ಬೆನ್ನಿನಲ್ಲಿ ಆಗಿದ್ದ ಹುಣ್ಣು ಕೀವಾಯಿತು. ಡ್ರೆಸ್ಸಿಂಗ್ ಬಿಚ್ಚುವಾಗ ರಶ್ಮಿ ಅದನ್ನು ನೋಡಿದಳು. ಹೊರಗೆ ಬಂದು ಗೋಡೆಗೆ ಒರಗಿ ನಿಂತು, “ಕೊಡು ಅಪ್ಪಾ, ಆ ಫಾರಂ ಕೊಡು. ನಾನೂ ಸೈನ್ ಮಾಡ್ತೀನಿ. ನಿನ್ನೊಬ್ಬನ ತಲೆ ಮೇಲೆ ಬೇಡ” ಅಂದಳು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಯಂತ್ರ ತೆಗೆದರು. ಉಸಿರು ಕಟ್ಟಿದಂತಾಗದಿರಲಿ ಎಂದು ಮೊದಲೇ ಔಷಧಿ ಕೊಟ್ಟಿದ್ದರು. ನೀಲಕ್ಕ ಬಂದಿದ್ದಳು, ನನ್ನ ಜೊತೆ ಮಾತಾಡಲಿಲ್ಲ, ತಂಗಿಯ ಹಣೆಗೆ ವಿಭೂತಿ ಹಚ್ಚಿದಳು. ಏನಾದರೂ ಹೇಳುವುದಿದ್ದರೆ ಹೇಳಿ ಎಂದು ಡಾಕ್ಟರು ನಮ್ಮನ್ನು ಮುಂದೆ ಬಿಟ್ಟರು. ಹೊರಡುವವರಿಗೆ ನಮ್ಮ ಮನೆಗಳಲ್ಲಿ ‘ಹೋಗು’ ಅನ್ನುವುದಿಲ್ಲ, ‘ಹೋಗಿ ಬಾ’ ಅನ್ನುತ್ತೇವೆ. ಎರಡೂ ನನ್ನ ಬಾಯಿಂದ ಬರಲಿಲ್ಲ. ಅವಳ ಪಾದ ಹಿಡಿದುಕೊಂಡು ನಿಂತಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಯಾವ ಸದ್ದೂ ಇಲ್ಲದೆ ಹೋದಳು.

ಮಾಡಿದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಅಂಥದೇ ಮಂಚದ ಪಕ್ಕ ಕೂತಿರುವ ಬೇರೆಯವರು ಬಂದು ಕೇಳಿದರೆ, ಡಾಕ್ಟರ ಮಾತು ಕೇಳಿ ಎಂದೇ ಹೇಳುತ್ತೇನೆ. ಆದರೆ ನಾಲ್ಕೂವರೆಗೆ ನನ್ನ ಬೆನ್ನ ಹಿಂದೆ ಮಾತಾಡಿದ್ದು ಯಾರು ಎಂದು ಅವರು ಕೇಳಿದರೆ ನನಗೆ ಗೊತ್ತಿಲ್ಲ.

ಹೋದ ತಿಂಗಳು ಒಂದು ಭಾನುವಾರ, ಮಲ್ಲತ್ತಹಳ್ಳಿ ಕೆರೆಯ ಕಡೆ ನಡೆದುಕೊಂಡು ಹೋಗಿ ನಾನೂ ರಶ್ಮಿಯೂ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಎರಡು ವರ್ಷದಲ್ಲಿ ನಾವು ಆ ಮಾತು ಎತ್ತಿರಲಿಲ್ಲ. ಅವಳು ಇದ್ದಕ್ಕಿದ್ದಂತೆ, “ಅಪ್ಪಾ, ಅವತ್ತು ನೀನು ಹೂಂ ಅಂದೆಯಲ್ಲ. ಹೋಗು ಅಂತ ಅಂದ್ಯಾ, ಬಾ ಅಂತ ಅಂದ್ಯಾ?” ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ.

ಸುಳ್ಳು ಹೇಳಬಹುದಿತ್ತು. ಯಾವುದನ್ನು ಹೇಳಿದ್ದರೂ ಅವಳು ಒಪ್ಪಿಕೊಳ್ಳುತ್ತಿದ್ದಳು ಅನಿಸುತ್ತದೆ. “ಯಾವುದೂ ಅಲ್ಲ ಕಣಮ್ಮಾ” ಅಂದೆ. “ಓದ್ತಾ ಇದ್ದೆ. ಸರಿಯಾಗಿ ಕೇಳಿಸ್ಕೊಳ್ಳದೇನೇ ಹೂಂ ಅಂದುಬಿಟ್ಟೆ.”

ರಶ್ಮಿ ನನ್ನ ಕಡೆ ತಿರುಗಿದಳು.

“ಹಾಗಾದ್ರೆ ಮಾತಾಡಿದ್ದು ಅಮ್ಮಾನೇ” ಅಂದಳು. “ಬೇರೆ ಯಾರಿಗೂ ನೀನು ಹಂಗೆ ಹೂಂ ಅನ್ನಲ್ಲ.”